ಇಮೇಲೋ, ಈಮೇಲೋ? ಕೈಪಿಡಿಯ ಕಾಗುಣಿತ ಜಗಳ ಬಗೆಹರಿಸುವುದು ಹೇಗೆ

ಸಾಫ್ಟ್‌ವೇರ್ ಕೈಪಿಡಿಯನ್ನು ನಾಲ್ಕು ಜನ ಸೇರಿ ಬರೆದರೆ ಒಂದೇ ಪದ ನಾಲ್ಕು ವೇಷ ಹಾಕುತ್ತದೆ. ಒಬ್ಬರದು ‘ಇಮೇಲ್’, ಇನ್ನೊಬ್ಬರದು ‘ಈಮೇಲ್’, ಮತ್ತೊಬ್ಬರದು ‘ಇ-ಮೇಲ್’. ಇಂಗ್ಲಿಷಿನವರೂ ಇದೇ ಪದಕ್ಕೆ ಬಹಳ ಕಾಲ ಕಚ್ಚಾಡಿದ್ದಾರೆ. ಎಪಿ ಸುದ್ದಿಸಂಸ್ಥೆಯ ಶೈಲಿ ಕೈಪಿಡಿ ನಡುವಿನ ಅಡ್ಡಗೆರೆ ಬಿಟ್ಟದ್ದು 2011ರಲ್ಲಿ. ಯಾವುದು ಸರಿ ಎಂಬ ವಾದ ಪಂಡಿತರಿಗಿರಲಿ. ನಮ್ಮ ಕೈಪಿಡಿಗೆ ಒಂದು ರೂಪ ಸಾಕು.

ಮೊದಲು ಯಾವ ರೂಪ ಎಷ್ಟು ಸಲ ಬಂದಿದೆ ಎಂದು ಎಲ್ಲ ಫೈಲ್‌ಗಳಲ್ಲಿ ಹುಡುಕಿ ಎಣಿಸಿ. ಆಮೇಲೆ ತೆರೆಯ ಮೇಲಿನ ಬಟನ್, ಮೆನುಗಳಲ್ಲಿ ಏನಿದೆ ನೋಡಿ. ಎರಡೂ ಹೊಂದದಿದ್ದರೆ ತೆರೆಯ ಮೇಲಿನದೇ ಗೆಲ್ಲಲಿ. ಓದುಗರು ಹುಡುಕುವುದು ಆ ಬಟನ್ನನ್ನೇ ಅಲ್ವಾ?

ಕನ್ನಡದಲ್ಲಿ ಇನ್ನೊಂದು ತಲೆನೋವಿದೆ. ‘ಸಾಫ್ಟ್‌ವೇರ್’ ಎಂದು ಬಿಡಿಸಿ ಬರೆಯಲು ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಹಾಕಬೇಕು. ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಕೇತ ಕೊಡುವ ಯುನಿಕೋಡ್‌ನಲ್ಲಿ ಅದರ ಸಂಕೇತ 200ಸಿ. ಅದಿಲ್ಲದಿದ್ದರೆ ಪದ ‘ಸಾಫ್ಟ್ವೇರ್’ ಎಂದು ಒತ್ತಾಗುತ್ತದೆ. ಇಲ್ಲಿ ವ್ಯತ್ಯಾಸ ಕಾಣುತ್ತದೆ, ಸರಿ. ಆದರೆ ಇದೇ ಅಕ್ಷರ ಪದದ ಕೊನೆಯಲ್ಲಿ ಸೇರಿಕೊಂಡರೆ ಯಾರಿಗೂ ಗೊತ್ತಾಗುವುದಿಲ್ಲ. ಅಕ್ಷರಕ್ಕೆ ಅಕ್ಷರ ಹೋಲಿಸುವ ಹುಡುಕಾಟಕ್ಕೆ ಮಾತ್ರ ಅದಿರುವ ಪದ, ಅದಿಲ್ಲದ ಪದ ಎರಡೂ ಬೇರೆ ಬೇರೆ. ಎದುರಿಗೇ ಇರುವ ಪದ ಸಿಗುವುದಿಲ್ಲ! ಪದದ ನಡುವೆ ಇರಲಿ, ಕೊನೆಯಲ್ಲಿದ್ದರೆ ಅಳಿಸಿ ಎನ್ನುವುದು ನನ್ನ ಸಲಹೆ. ‘ಫೈಲಿನಲ್ಲಿ’ ಬೇಕೋ ‘ಫೈಲ್‌ನಲ್ಲಿ’ ಬೇಕೋ ಎಂದೂ ಈಗಲೇ ತೀರ್ಮಾನಿಸಿಬಿಡಿ.

ತೀರ್ಮಾನಗಳನ್ನು ಒಂದು ಪಟ್ಟಿಯಲ್ಲಿ ಬರೆದಿಡಿ: ಒಪ್ಪಿದ ರೂಪ, ಬಿಟ್ಟ ರೂಪ, ಒಂದೇ ಸಾಲಿನ ಕಾರಣ. ಕಾರಣ ಬರೆಯದಿದ್ದರೆ ಹೊಸಬರು ಬಂದಾಗಲೆಲ್ಲ ಅದೇ ಜಗಳ ಮತ್ತೆ ಶುರು.

ಇನ್ನು ತಿದ್ದುವ ಕೆಲಸ. ಸುಮ್ನೆ ‘ಎಲ್ಲವನ್ನೂ ಬದಲಿಸು’ ಒತ್ತಬೇಡಿ. ಕಮಾಂಡ್, ಫೈಲ್ ಹೆಸರು, ಕೋಡ್ ಮಾದರಿಗಳು ಇದ್ದಂತೆಯೇ ಇರಬೇಕು. ಉದಾಹರಣೆಗೆ, ಬ್ರೌಸರ್ ಮತ್ತು ಸರ್ವರ್ ಮಾತಾಡಿಕೊಳ್ಳುವ ನಿಯಮಾವಳಿ ಎಚ್‌ಟಿಟಿಪಿ. ಅದರಲ್ಲಿ ಯಾವ ಪುಟದಿಂದ ಬಂದಿರೆಂದು ತಿಳಿಸುವ ‘ರೆಫರರ್’ ಎಂಬ ಹೆಡರ್‌ನ (ಮಾಹಿತಿ ಸಾಲಿನ) ಇಂಗ್ಲಿಷ್ ಕಾಗುಣಿತದಲ್ಲಿ ಒಂದು ‘ಆರ್’ ಕಡಿಮೆ ಇದೆ. 1996ರ ನಿರ್ದಿಷ್ಟತೆಯಲ್ಲೇ ಆ ತಪ್ಪು ಉಳಿದು, ಇವತ್ತಿಗೂ ಹಾಗೇ ನಡೆಯುತ್ತಿದೆ. ನೀವು ಸರಿ ಮಾಡಿದರೆ ಓದುಗರ ಪ್ರೋಗ್ರಾಂ ಕೆಡುತ್ತದೆ. ವೆಬ್ ಪುಟದ ಬಣ್ಣ, ವಿನ್ಯಾಸ ಹೇಳುವ ಸಿಎಸ್‌ಎಸ್ ಭಾಷೆ ಕೂಡ ಹಾಗೆಯೇ. ಬೂದು ಬಣ್ಣದ ಹೆಸರನ್ನು ಅಮೆರಿಕದ ‘ಎ’ ಹಾಕಿಯೂ ಬರೆಯಬಹುದು, ಬ್ರಿಟನ್ನಿನ ‘ಇ’ ಹಾಕಿಯೂ ಬರೆಯಬಹುದು. ‘ಕಲರ್’ ಎಂಬ ಗುಣದ ಹೆಸರಿಗೆ ಮಾತ್ರ ‘ಯು’ ಸೇರಿಸಿದರೆ ಕೆಲಸ ಮಾಡದು.

ಬಿಟ್ಟ ರೂಪಗಳನ್ನು ಹುಡುಕಾಟದ ಸಮಾನಪದಗಳ ಪಟ್ಟಿಗೆ ಸೇರಿಸಿ. ‘ಈಮೇಲ್’ ಎಂದು ಟೈಪ್ ಮಾಡಿದವರಿಗೂ ಪುಟ ಸಿಗಬೇಕು. ತಲೆಬರಹ ತಿದ್ದಿದಾಗ ಕೊಂಡಿಯ ವಿಳಾಸವೂ ಬದಲಾಗುವುದುಂಟು. ಹಳೆಯ ವಿಳಾಸದಿಂದ ಹೊಸದಕ್ಕೆ ದಾರಿ ಮಾಡಿಕೊಟ್ಟ ಮೇಲೆಯೇ ಪ್ರಕಟಿಸಿ.