ಸೊನ್ನೆ ಎರಡೂ ಕಡೆ ಸೊನ್ನೆಯೇ

ನಮ್ಮ ವರ್ಷದ ಲೆಕ್ಕ ದಸರಾದಿಂದ ದಸರಾಕ್ಕೆ. ಖಂಡೇನವಮಿ ದಿನ ಮಷೀನು ನಿಲ್ಲಿಸಿ, ಒರೆಸಿ, ಹೂವು ಏರಿಸುವಾಗ ಆ ವರ್ಷ ಏನು ಕೆಟ್ಟಿತು, ಏನು ರಿಪೇರಿ ಆಯಿತು ಎಂದು ತಾನಾಗಿಯೇ ನೆನಪಾಗುತ್ತದೆ. ಈ ಸಲ ರಿಪೇರಿ ಪಟ್ಟಿಯಲ್ಲಿ ನಾನೂ ಇದ್ದೆ.

ನಾನು ಬೆಳಗಾವಿಯ ಉದ್ಯಮಬಾಗದ ಒಂದು ಮಷೀನ್ ಶಾಪಿನಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದೇನೆ. ಡಿಪ್ಲೊಮಾ ಮುಗಿಸಿ ಸೇರಿದವಳು, ಈಗ ಹನ್ನೊಂದು ವರ್ಷ. ಹೈಡ್ರಾಲಿಕ್ ವಾಲ್ವುಗಳ ಕಾಸ್ಟಿಂಗ್ ಬಾಡಿಗಳು ನಮ್ಮಲ್ಲಿ ತಯಾರಾಗುತ್ತವೆ. ಅವುಗಳ ಬೋರ್, ಅಂದರೆ ಒಳಗಿನ ದುಂಡನೆಯ ತೂತು, ಅಳೆದು ‘ಸರಿ’ ಅಥವಾ ‘ಬೇಡ’ ಎನ್ನುವುದು ನನ್ನ ಕೆಲಸ. ಇಡೀ ದಿನ ಇಷ್ಟೇ ಎರಡು ಮಾತು.

ಡಿಸೆಂಬರಿನಲ್ಲಿ ಆದದ್ದು. 40 ಮಿಲಿಮೀಟರ್ ಬೋರ್, ಎಚ್7. ಅಂದರೆ 40.000ಕ್ಕಿಂತ ಕಡಿಮೆ ಇರಬಾರದು, 40.025 ದಾಟಬಾರದು. ಇಪ್ಪತ್ತೈದು ಮೈಕ್ರಾನ್ ಜಾಗ, ತಲೆಕೂದಲಿನ ದಪ್ಪದ ಅರ್ಧವೂ ಆಗಲಿಕ್ಕಿಲ್ಲ. 180 ಪೀಸು ಹೋನಿಂಗ್‌ಗೆಂದು, ಅಂದರೆ ಬೋರನ್ನು ಒಳಗಿನಿಂದ ಉಜ್ಜಿ ಅಳತೆಗೆ ತರಲೆಂದು, ಹೊರಗೆ ಜಾಬ್‌ವರ್ಕಿಗೆ ಹೋಗಿ ಬಂದಿದ್ದವು. ಆ ದಿನ ಬೋರ್ ಗೇಜಿನ ಡಿಜಿಟಲ್ ಡಯಲ್‌ನ ಬ್ಯಾಟರಿ ಸತ್ತಿತ್ತು. ಹೊಸದು ಹಾಕಿದೆ. ಕರಾರುವಾಕ್ಕಾಗಿ 40.000 ಇರುವ ಉಕ್ಕಿನ ಉಂಗುರ, ಸೆಟಿಂಗ್ ರಿಂಗ್, ಅದರಲ್ಲಿ ಇಟ್ಟು ಸೊನ್ನೆ ಮಾಡಿದೆ. ಅಳೆದೆ. ಪ್ಲಸ್ 8 ಮೈಕ್ರಾನ್, ಪ್ಲಸ್ 10, ಪ್ಲಸ್ 7. ಇಷ್ಟು ಚಂದದ ಲಾಟು ಬಂದು ಎಷ್ಟು ದಿನವಾಯಿತಲ್ಲ ಎಂದುಕೊಂಡು ಸಹಿ ಹಾಕಿದೆ.

ಬೋರ್ ಗೇಜ್ ಹಿಡಿದವರಿಗೆ ಗೊತ್ತು, ಅದರ ಲೆಕ್ಕ ಉಲ್ಟಾ. ಬೋರ್ ಸಣ್ಣದಿದ್ದರೆ ಗೇಜಿನ ತುದಿ ಒಳಗೆ ಒತ್ತುತ್ತದೆ, ಒತ್ತಿದರೆ ಡಯಲ್ ಪ್ಲಸ್ ಕಡೆ ಓಡುತ್ತದೆ. ತಲೆ ಕೆಡಬಾರದು ಎಂದು ನಾವು ದಿಕ್ಕು ತಿರುಗಿಸಿ ಇಟ್ಟುಕೊಂಡಿದ್ದೆವು. ದೊಡ್ಡದಿದ್ದರೆ ಪ್ಲಸ್, ಸಣ್ಣದಿದ್ದರೆ ಮೈನಸ್. ಬ್ಯಾಟರಿ ತೆಗೆದಾಗ ಆ ಸೆಟಿಂಗ್ ಅಳಿಸಿಹೋಗಿತ್ತು. ನಾನು ಪ್ಲಸ್ 8 ಎಂದು ಓದಿದ್ದು ನಿಜಕ್ಕೂ ಮೈನಸ್ 8. ಬೋರಿನೊಳಗೆ ಇಳಿಸಿ ನೋಡುವ ಪ್ಲಗ್ ಗೇಜ್ ಇದ್ದಿದ್ದರೆ ಮೊದಲ ಪೀಸಿಗೇ ಸಿಕ್ಕಿಬೀಳುತ್ತಿತ್ತು. ಅದು ಕ್ಯಾಲಿಬ್ರೇಶನ್‌ಗೆ, ಅಂದರೆ ಅದರ ಅಳತೆಯನ್ನೇ ಪರೀಕ್ಷಿಸಲು, ಹೋಗಿತ್ತು.

ಎಂಟನೇ ದಿನ ಗಿರಾಕಿಯಿಂದ ಒಂದು ಫೋಟೊ ಬಂತು. ನಮ್ಮ ಬಾಡಿ, ಅದರ ಬೋರಿನ ಬಾಯಲ್ಲಿ ಪ್ಲಗ್ ಗೇಜಿನ ‘ಗೋ’ ತುದಿ, ಒಳಗೆ ಇಳಿಯಲೇಬೇಕಾದದ್ದು, ನೆಟ್ಟಗೆ ನಿಂತಿದೆ. ಒಳಗೆ ಇಳಿದಿಲ್ಲ. ಕೆಳಗೆ ಒಂದು ಮಾತೂ ಬರೆದಿರಲಿಲ್ಲ.

ಲಾರಿಯಲ್ಲಿ 180ಕ್ಕೆ 180 ವಾಪಸ್ ಬಂದವು. ಬೋರ್ ಸಣ್ಣದಿದ್ದದ್ದರಿಂದ ಮತ್ತೆ ಹೋನ್ ಮಾಡಿಸಿ ಉಳಿಸಿಕೊಂಡೆವು. ದೊಡ್ಡದಾಗಿದ್ದರೆ ಎಲ್ಲ ಗುಜರಿಗೇ. ಸಾಹೇಬರು ಹತ್ತು ನಿಮಿಷ ಬೈದರು, ಅದು ಅಲ್ಲಿಗೇ ಮುಗಿಯಿತು. ಮುಗಿಯದೇ ಉಳಿದದ್ದು ನನ್ನ ಕೈ. ಅವತ್ತಿನಿಂದ ಒಂದು ಪೀಸನ್ನು ಮೂರು ಸಲ, ನಾಲ್ಕು ಸಲ ಅಳೆಯತೊಡಗಿದೆ. ಊಟಕ್ಕೆ ಹೋದವಳು ಅರ್ಧಕ್ಕೆ ಎದ್ದು ಬಂದು ಮತ್ತೆ ಅಳೆದದ್ದೂ ಉಂಟು. ರಾತ್ರಿ ಮಲಗಿದಾಗ ಒಂದೇ ಪ್ರಶ್ನೆ. ಈ ಹನ್ನೊಂದು ವರ್ಷದಲ್ಲಿ ಇನ್ನೆಷ್ಟು ಹೀಗೆ ಹೋಗಿವೆಯೋ, ಸಿಕ್ಕಿಬಿದ್ದದ್ದು ಮಾತ್ರ ಇದು ಇರಬಹುದಲ್ವಾ?

ಗೆಳತಿಯ ಫೋನು ಎತ್ತುವುದನ್ನು ಬಿಟ್ಟದ್ದೂ ಆಗಲೇ. ಡಿಪ್ಲೊಮಾದಲ್ಲಿ ಒಂದೇ ಬೆಂಚು, ಹಾಸ್ಟೆಲ್ಲಿನಲ್ಲಿ ಒಂದೇ ರೂಮು. ಈಗ ಅವಳು ಉದ್ಯಮಬಾಗದಲ್ಲೇ ಬೇರೊಂದು ಕಾರ್ಖಾನೆಯಲ್ಲಿ ಸಿಎಂಎಂ ಎಂಬ ಅಳತೆಯ ಯಂತ್ರ ನಡೆಸುತ್ತಾಳೆ. ಅವಳ ಮುಂದೆ ನನಗೆ ನಾಚಿಕೆ. ಅಳತೆಯ ವಿಷಯದಲ್ಲಿ ನಾನೇ ಅವಳಿಗೆ ಹೇಳಿಕೊಡುತ್ತಿದ್ದವಳು. ಬೇರೆ ಯಾರಿಗಾದರೂ ಗೊತ್ತಾದರೆ ಆದೀತು, ಇವಳಿಗೆ ಬೇಡ ಅನ್ನಿಸಿತು. ಸಂಕ್ರಾಂತಿಗೆ ಎಳ್ಳುಬೆಲ್ಲ ಕೊಡಲೂ ಹೋಗಲಿಲ್ಲ. ‘ಮೈಯಾಗ ಆರಾಮ ಇಲ್ಲ’ ಎಂದು ಮೆಸೇಜು ಹಾಕಿ ಸುಮ್ಮನಾದೆ.

ಫೆಬ್ರುವರಿಯ ಒಂದು ಭಾನುವಾರ ಅವಳೇ ಶಹಾಪುರದ ನಮ್ಮ ಮನೆಗೆ ಬಂದಳು. ಕೈಯಲ್ಲಿ ಕುಂದಾದ ಡಬ್ಬಿ. ನನ್ನ ಅವ್ವನ ಜೊತೆ ಅರ್ಧ ತಾಸು ಸೊಸೆ, ಮೊಮ್ಮಕ್ಕಳು ಅಂತ ಹರಟಿದಳು. ಆಮೇಲೆ ಮಾಳಿಗೆ ಮೇಲೆ ಕರೆದುಕೊಂಡು ಹೋಗಿ, “ಈಗ ಹೇಳ್” ಅಂದಳು. ಹೇಳಿದೆ. ಅಳುತ್ತೇನೆ ಎಂದುಕೊಂಡಿದ್ದೆ, ಅಳು ಬರಲಿಲ್ಲ. ಅವಳು ಸಮಾಧಾನವನ್ನೂ ಮಾಡಲಿಲ್ಲ.

“ಬ್ಯಾಟರಿ ಹಾಕಿದಮ್ಯಾಲ ರಿಂಗಿಗೆ ಹಚ್ಚಿ ನೋಡಿದ್ದೇನು?”

“ನೋಡಿದ್ನೆಲಾ. ಸೊನ್ನೆ ತೋರ್ಸ್ತು.”

“ಸೊನ್ನೆ ಎರಡೂ ಕಡೆ ಸೊನ್ನೆನ ಇರತೈತಿ. ಎರಡನೇ ರಿಂಗ್ ಯಾಕ ಹಚ್ಚಲಿಲ್ಲ?”

ನನ್ನ ಹತ್ತಿರ ಉತ್ತರವಿರಲಿಲ್ಲ. ಆದರೆ ಎರಡು ತಿಂಗಳಲ್ಲಿ ಮೊದಲ ಸಲ ಎದೆ ಹಗುರಾಯಿತು. ‘ನಿನ್ನ ತಪ್ಪೇನಿಲ್ಲ ಬಿಡು’ ಅಂದವರು ನಾಲ್ಕಾರು ಜನ ಇದ್ದರು, ಒಬ್ಬರ ಮಾತೂ ಒಳಗೆ ಇಳಿದಿರಲಿಲ್ಲ. ಇವಳು ತಪ್ಪು ಎಲ್ಲಿದೆ ಎಂದು ಬೆರಳಿಟ್ಟು ತೋರಿಸಿದಳು. ತಪ್ಪಿಗೆ ಒಂದು ಜಾಗ ಸಿಕ್ಕಿತು. ಅದು ಡಯಲ್ ಮತ್ತು ರಿಂಗಿನ ನಡುವೆ ಇತ್ತು, ನನ್ನ ಇಡೀ ಮೈಯಲ್ಲಿ ಇರಲಿಲ್ಲ.

ಕೆಲಸ ಬಿಡಬೇಕು ಅಂತೀನಿ ಎಂದೆ. “ಬಿಡು. ಮೊದಲ ಎಣಿಸಿ ಬಿಡು” ಅಂದಳು. ಏನು ಎಣಿಸೋದು? “ವರ್ಷದಾಗ ಎಷ್ಟು ಲಾಟ್ ನೋಡೀದಿ, ಎಷ್ಟು ವಾಪಸ್ ಬಂದಾವು, ಅದ್ರಾಗ ನಿಂದೆಷ್ಟು.”

ಮರುದಿನದಿಂದ ಸಂಜೆ ಶಿಫ್ಟು ಮುಗಿದ ಮೇಲೆ ಹಳೇ ರಿಜಿಸ್ಟರು ತೆಗೆದು ಎಣಿಸಿದೆ. ಐದು ಸಂಜೆ ಹಿಡಿಯಿತು. ಹಿಂದಿನ ದಸರಾದಿಂದ ಆವತ್ತಿನವರೆಗೆ ನನ್ನ ಸಹಿ ಇದ್ದ ಲಾಟು 143. ವಾಪಸ್ ಬಂದದ್ದು 3. ಒಂದು ಪ್ಯಾಕಿಂಗಿನಲ್ಲಿ ಪೆಟ್ಟು ಬಿದ್ದದ್ದು. ಒಂದು ಕಾಸ್ಟಿಂಗಿನ ಒಳಗಿನ ಗಾಳಿಗುಳ್ಳೆ, ಬ್ಲೋಹೋಲ್, ಅದು ಹೊರಗಿನಿಂದ ಕಾಣುವುದೇ ಇಲ್ಲ. ಒಂದು ನನ್ನದು. ಆ ಒಂದು ಸಣ್ಣದೇನಲ್ಲ. ಆದರೆ ರಾತ್ರಿ ಮಲಗಿದಾಗ ಅದು 143 ಆಗಿ ಬರುತ್ತಿತ್ತಲ್ಲ, ಆ ಲೆಕ್ಕ ಸುಳ್ಳು ಎಂದು ಕಾಗದದ ಮೇಲೆ ಕಂಡಿತು.

ಇದೇ ಹೊತ್ತಿಗೆ ಮುಂಬೈಯಲ್ಲಿರುವ ತಮ್ಮ ‘ಇಂಪೋಸ್ಟರ್’ ಎಂಬ ಮಾತು ಹೇಳಿದ. 1978ರಲ್ಲಿ ಪಾಲಿನ್ ಕ್ಲಾನ್ಸ್ ಮತ್ತು ಸುಝಾನ್ ಐಮ್ಸ್ ಎಂಬ ಇಬ್ಬರು ಅಮೆರಿಕದ ಮನಶ್ಶಾಸ್ತ್ರಜ್ಞೆಯರು ಬರೆದದ್ದು. ಕೆಲಸದಲ್ಲಿ ಗೆದ್ದ ಹೆಂಗಸರು ಕೂಡ ‘ನಾನು ಯೋಗ್ಯಳಲ್ಲ, ಎಲ್ಲರಿಗೂ ಮೋಸ ಮಾಡ್ತಿದ್ದೇನೆ’ ಎಂದು ಒಳಗೊಳಗೇ ಹೆದರುತ್ತಾರೆ ಎಂಬ ಮಾತು. ಓದಿ ಖುಷಿಯಾಯಿತು, ಆದರೆ ಅದು ನನಗೆ ಅರ್ಧವಷ್ಟೇ ಹೊಂದಿತು. ನಾನು ನಿಜವಾಗಿಯೂ ತಪ್ಪು ಮಾಡಿದ್ದೆ. ಅಂಥವರಿಗೆ ‘ನೀನು ಚಲೋ ಇದ್ದೀ’ ಎಂಬ ಮಾತು ಸಾಲುವುದಿಲ್ಲ, ಮುಂದಿನ ಬ್ಯಾಟರಿ ಸತ್ತಾಗ ಏನು ಮಾಡಬೇಕು ಎಂಬುದೂ ಬೇಕು.

ಅದನ್ನು ಮಾಡಿಕೊಂಡೆ. ಈಗ ಬೋರ್ ಗೇಜಿನ ಪೆಟ್ಟಿಗೆಯಲ್ಲೇ ಎರಡು ರಿಂಗು, 40.000 ಮತ್ತು 40.020. ಮೊದಲನೆಯದರಲ್ಲಿ ಸೊನ್ನೆ, ಎರಡನೆಯದರಲ್ಲಿ ಪ್ಲಸ್ 20 ಬಂದರೆ ಮಾತ್ರ ಕೆಲಸ ಶುರು. ಮೈನಸ್ 20 ಬಂದರೆ ದಿಕ್ಕು ತಿರುಗಿದೆ ಎಂದರ್ಥ. ಪ್ಲಗ್ ಗೇಜ್ ಕ್ಯಾಲಿಬ್ರೇಶನ್‌ಗೆ ಹೋದ ದಿನ ಲಾಟಿಗೆ ಇನ್ನೊಬ್ಬರ ಸಹಿಯೂ ಬೇಕು. ಇದನ್ನೆಲ್ಲ ಗೋಡೆಗೆ ಅಂಟಿಸುವಾಗ ಹಾಳೆಯ ಮೇಲ್ಗಡೆ ಡಿಸೆಂಬರಿನ ಕಥೆಯನ್ನೂ ನಾಲ್ಕು ಸಾಲಿನಲ್ಲಿ ಬರೆದೆ, ನನ್ನ ಹೆಸರು ಹಾಕಿಯೇ. ಕೈ ನಡುಗಿತು. ಮರುದಿನ ನಮ್ಮ ಫೋರ್‌ಮನ್ ಕಾಕಾ ಅದನ್ನು ಓದಿ, “ತಂಗೀ, ನಂದೂ ಒಂದ್ ಬರೀ ಇದರ ಕೆಳಗ” ಅಂದರು. ಅವರದು ಇಪ್ಪತ್ತು ವರ್ಷ ಹಳೆಯ ಕಥೆ. ಅಷ್ಟು ವರ್ಷ ಯಾರಿಗೂ ಹೇಳಿರಲಿಲ್ಲವಂತೆ.

ಎಲ್ಲ ನೆಟ್ಟಗಾಯಿತು ಎಂದುಕೊಳ್ಳಬೇಡಿ. ಏಪ್ರಿಲ್‌ನಲ್ಲಿ ಮತ್ತೆ ಎಡವಿದೆ, ಈ ಸಲ ಉಲ್ಟಾ. ಮಧ್ಯಾಹ್ನದ ಹೊತ್ತು, ಶೆಡ್ಡಿನಲ್ಲಿ ಬಿಸಿಲಿನ ಝಳ. ಮಷೀನಿನಿಂದ ಆಗಷ್ಟೇ ಇಳಿದ ಪೀಸು ಅಳೆದರೆ ಪ್ಲಸ್ 28 ಮೈಕ್ರಾನ್. ಬೇಡ ಅಂದೆ. ಇನ್ನೊಂದು 27, ಬೇಡ. ಹೆದರಿದವರ ಬಾಯಲ್ಲಿ ‘ಬೇಡ’ ಬಹಳ ಬೇಗ ಬರುತ್ತದೆ, ಯಾಕೆಂದರೆ ಅದಕ್ಕೆ ಲಾರಿಯಲ್ಲಿ ವಾಪಸ್ ಬರುವ ಭಯವಿಲ್ಲ. ಒಂದು ಟ್ರೇ ಪೂರ್ತಿ ಕೆಂಪು ಬಣ್ಣ ಹಚ್ಚಿಸಿ, ಡಿಸ್ಪ್ಯಾಚ್ ನಿಲ್ಲಿಸಿ ಕೂತೆ.

ಬಸ್ಸಿನಲ್ಲಿ ಗೆಳತಿಗೆ ಫೋನು ಮಾಡಿದೆ. ಪ್ರತಿ ಗುರುವಾರ ಸಂಜೆ ಹತ್ತು ನಿಮಿಷ ಮಾತಾಡುವುದೆಂದು ಅಷ್ಟರಲ್ಲಿ ಗೊತ್ತು ಮಾಡಿಕೊಂಡಿದ್ದೆವು. ಅವತ್ತು ಗುರುವಾರ ಆಗಿರಲಿಲ್ಲ, ಆದರೂ ಎತ್ತಿದಳು. ಕೇಳಿ ನಕ್ಕಳು.

“ಪೀಸ್ ಮುಟ್ಟಿ ನೋಡಿದ್ದೇನು? ಸುಡುಸುಡು ಇತ್ತಿಲ್ಲೋ?”

ಅಳತೆಗೆ 20 ಡಿಗ್ರಿ ಸೆಲ್ಸಿಯಸ್ ಎಂದು 1931ರಲ್ಲೇ ಜಗತ್ತು ಒಪ್ಪಿಕೊಂಡಿದೆ. ಇದನ್ನು ಹೊಸ ಹುಡುಗರಿಗೆ ಕಲಿಸುವವಳೇ ನಾನು. 40 ಮಿಲಿಮೀಟರಿನ ಬೋರ್ ರಿಂಗಿಗಿಂತ ಹತ್ತು ಡಿಗ್ರಿ ಬಿಸಿ ಇದ್ದರೆ ನಾಲ್ಕು ಮೈಕ್ರಾನ್ ಹಿಗ್ಗುತ್ತದೆ. ಮರುದಿನ ಬೆಳಿಗ್ಗೆ ಅದೇ ಟ್ರೇ ಅಳೆದೆ. 24, 23, 24. ಎಲ್ಲ ಸರಿ. ಬಣ್ಣವನ್ನು ಥಿನ್ನರಿನಲ್ಲಿ ನಾನೇ ಒರೆಸಿದೆ.

ಒರೆಸುತ್ತಾ ಕೂತಾಗ ಇನ್ನೊಂದು ಹೊಳೆಯಿತು. ನಾಲ್ಕು ಸಲ ಅಳೆಯುವಾಗ ನಾಲ್ಕೂ ಸಲ ಬೇರೆ ಬೇರೆ ಬರುತ್ತಿತ್ತಲ್ಲ, ಅದರಲ್ಲೂ ಒಂದಿಷ್ಟು ಕೈಯ ಕಾವೇ ಇರಬೇಕು. ಹಿಡಿದಷ್ಟೂ ಪೀಸು ಬೆಚ್ಚಗಾಗುತ್ತದೆ, ಬೆಚ್ಚಗಾದಷ್ಟೂ ಅಂಕಿ ಸರಿಯುತ್ತದೆ, ಅಂಕಿ ಸರಿದಷ್ಟೂ ಸಂಶಯ. ಆಮೇಲಿಂದ ಎರಡು ಸಲಕ್ಕಿಂತ ಜಾಸ್ತಿ ಇಲ್ಲ ಎಂದು ಕಟ್ಟು ಹಾಕಿಕೊಂಡೆ. ಎರಡರ ನಡುವೆ 2 ಮೈಕ್ರಾನಿಗಿಂತ ಹೆಚ್ಚು ಫರಕು ಬಂದರೆ ಪೀಸನ್ನು ತಣ್ಣಗಾಗಲೆಂದು ಅಳತೆಯ ಟೇಬಲ್ಲಿನ ಕಲ್ಲಿನ ಮೇಲೆ ಇಟ್ಟು ಚಹಾ ಕುಡಿದು ಬರುವುದು. ಚಹಾ ಜಾಸ್ತಿಯಾಗಿದೆ, ಅದೊಂದು ನಷ್ಟ.

ಮಳೆಗಾಲದಲ್ಲಿ ಹೆಚ್ಚೇನೂ ಆಗಲಿಲ್ಲ. ಬೆಳಗಾವಿ ಮಳೆಗೆ ಗೇಜುಗಳಿಗೆ ತುಕ್ಕು ಹತ್ತದಂತೆ ಎಣ್ಣೆ ಹಚ್ಚುವುದೇ ದೊಡ್ಡ ಕೆಲಸ. ಗುರುವಾರದ ಫೋನಿನಲ್ಲಿ ಕೆಲಸದ ಮಾತು ಕಡಿಮೆಯಾಯಿತು. ಅವಳ ಮಗಳ ಶಾಲೆ, ನನ್ನ ಅವ್ವನ ಮೊಣಕಾಲು ನೋವು, ಇಂಥವೇ. ನಡುವೆ ಒಂದು ಸಲ ಅವಳು, “ಸಂಕ್ರಾಂತಿಗೆ ನೀ ಬರದಿದ್ದದ್ದು ನಂಗ ಭಾಳ ಸಿಟ್ಟ ಬಂದಿತ್ತು” ಅಂದಳು. ಏಳು ತಿಂಗಳು ಇಟ್ಟುಕೊಂಡು ಹೇಳಿದಳು. ನಾನು ಹೂಂ ಅಂದೆ. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅವಳ ಕಡೆಯಿಂದ ಕುಕ್ಕರಿನ ಸೀಟಿ ಕೇಳಿಸಿತು.

ಈ ಖಂಡೇನವಮಿಗೆ ನಮ್ಮ ಟೇಬಲ್ಲಿನ ಪೂಜೆ ನನ್ನದೇ. ಗೇಜಿನ ಅಳೆಯುವ ಮೈಗೆ ಕುಂಕುಮ ತಾಗಬಾರದು, ಪೆಟ್ಟಿಗೆಯ ಮುಚ್ಚಳಕ್ಕೆ ಹಚ್ಚಬೇಕು ಎಂದು ಹುಡುಗರಿಗೆ ಬೈಯುತ್ತಾ ಎರಡೂ ರಿಂಗುಗಳ ನಡುವೆ ಒಂದು ಸೇವಂತಿ ಇಟ್ಟೆ. ಮರುದಿನ ಸಂಜೆ ಬನ್ನಿ ಹಿಡಿದು ಗೆಳತಿಯ ಮನೆಗೆ ಹೋದೆ. “ಬನ್ನಿ ತಗೊಂಡು ಬಂಗಾರದಂಗ ಇರೂಣು” ಎಂದು ಕೈಗೆ ಕೊಟ್ಟರೆ ಅವಳು ಎಲೆಗಳನ್ನು ಎಣಿಸಿದಳು.

“ಐದ ಕೊಟ್ಟೀದಿ. ಎಳ್ಳುಬೆಲ್ಲದ್ದೂ ಸೇರ್ಸಿ ಹತ್ತ ಕೊಡಬೇಕಾಗಿತ್ತು.”

ಚೀಲದಲ್ಲಿ ಇನ್ನೂ ಇದ್ದವು. ಐದು ಎಣಿಸಿ ಕೊಟ್ಟೆ, ಒಂದೇ ಸಲ ಎಣಿಸಿ.