ಕಾಣದ ಕಪ್ಲಿಂಗ್ ಅಳೆಯುವುದು ಹೀಗೆ

ಹುಬ್ಬಳ್ಳಿಯಿಂದ ಪುಣೆಗೆ ಎಂಎಸ್ಸಿ ಓದಲು ಬಂದಿರುವ ಅಕ್ಕನ ಮಗಳು ಮೊನ್ನೆ ಎನ್ಎಂಆರ್ (ಅಯಸ್ಕಾಂತದಲ್ಲಿಟ್ಟ ಅಣುವಿನ ಪ್ರೋಟಾನ್‌ಗಳ ಸಂಕೇತವನ್ನು ಗೆರೆಗಳಾಗಿ, ಅಂದರೆ ಪೀಕ್‌ಗಳಾಗಿ, ತೋರಿಸುವ ವಿಧಾನ) ಬಗ್ಗೆ ಕೇಳಿದಳು: "ಮಾಮಾ, ಈಕ್ವಿವಲೆಂಟ್ ಪ್ರೋಟಾನ್ ನಡುವೆ ಕಪ್ಲಿಂಗ್ ಇರಂಗಿಲ್ಲ, ಹೌದಿಲ್ಲೋ?" ನನ್ನ ಕಾಲದ ವೈವಾದಲ್ಲಿ ನಾನೂ ಇದನ್ನೇ ಹೇಳಿ ಮಾರ್ಕ್ಸ್ ಕಳೆದುಕೊಂಡಿದ್ದೆ. ಈಕ್ವಿವಲೆಂಟ್ ಅಂದರೆ ಅಣುವಿನಲ್ಲಿ ಒಂದೇ ಥರದ ಜಾಗದಲ್ಲಿರುವವು. ಕಪ್ಲಿಂಗ್ ಅಂದರೆ ಹತ್ತಿರದ ನ್ಯೂಕ್ಲಿಯಸ್‌ಗಳ ಸ್ಪಿನ್ ಒಂದರ ಮೇಲೊಂದು ಬೀರುವ ಪ್ರಭಾವ, ಸಾಮಾನ್ಯವಾಗಿ ಪೀಕ್ ಹಲವು ಗೆರೆಯಾಗಿ ಒಡೆಯುವುದು ಇದರಿಂದಲೇ. ಸಮಾನ ಪ್ರೋಟಾನ್‌ಗಳ ನಡುವೆಯೂ ಕಪ್ಲಿಂಗ್ ಇರುತ್ತದೆ. ಪೀಕ್ ಒಡೆಯುವುದಿಲ್ಲ, ಅಷ್ಟೇ.

ಬಾಯಿಮಾತು ಬೇಡ, ಟ್ಯೂಬ್‌ನಲ್ಲೇ ನೋಡಿ. ಡ್ಯೂಟರೇಟೆಡ್ ಅಸಿಟೋನ್‌ನ ಹಳೆಯ ಬಾಟಲಿ ಹುಡುಕಿ. ಮಾಮೂಲಿ ಹೈಡ್ರೋಜನ್ ಜಾಗದಲ್ಲಿ ಅದರ ಭಾರದ ರೂಪವಾದ ಡ್ಯೂಟೀರಿಯಮ್ ಇರುವ ದ್ರಾವಕ ಇದು. ಪಾಷಾಣ್ ಕಡೆಯ ನಮ್ಮ ಲ್ಯಾಬ್‌ನಲ್ಲಿ ಜುಲೈ ಮಳೆ ಹಿಡಿದರೆ ಬಾಟಲಿ ಬೇಡ ಬೇಡವೆಂದರೂ ನೀರು ಎಳೆದುಕೊಳ್ಳುತ್ತದೆ. ಬೇರೆ ದಿನ ಅದಕ್ಕೆ ಬೈಯುತ್ತೇನೆ, ಇವತ್ತು ಅದೇ ಬೇಕು. 5 ಮಿಮೀ ಟ್ಯೂಬ್‌ಗೆ 0.6 ಮಿಲಿ ಹಾಕಿ. ಸ್ಯಾಂಪಲ್ ಏನೂ ಬೇಡ. ಶಿಮ್ (ಕಾಂತಕ್ಷೇತ್ರ ಎಲ್ಲೆಡೆ ಒಂದೇ ಸಮ ಇರುವಂತೆ ಸರಿಪಡಿಸುವುದು) ಮಾತ್ರ ಚೆನ್ನಾಗಿ ಮಾಡಿ. ನಾವು ಹುಡುಕುತ್ತಿರುವುದು ಒಂದೆರಡು ಹರ್ಟ್ಜ್ ಅಂತರ, ಪೀಕ್ ದಪ್ಪಗಾದರೆ ಎಲ್ಲ ಮುಚ್ಚಿಹೋಗುತ್ತದೆ. ಅಕ್ವಿಸಿಷನ್ ಟೈಮ್ (ಸಂಕೇತ ದಾಖಲಿಸುವ ಅವಧಿ) 4 ಸೆಕೆಂಡ್ ಇಡಿ, ಲೈನ್ ಬ್ರಾಡನಿಂಗ್ (ಪೀಕ್ ದಪ್ಪಗಾಗಿಸುವ ಸೆಟ್ಟಿಂಗ್) ಸೊನ್ನೆ.

ಸ್ಪೆಕ್ಟ್ರಮ್‌ನ ಅಡ್ಡ ಅಳತೆಯಲ್ಲಿ, ಅಂದರೆ ಶಿಫ್ಟ್‌ನಲ್ಲಿ, 2.84 ಪಿಪಿಎಂ ಹತ್ತಿರ ಜೂಮ್ ಮಾಡಿ. ಒಂಟಿ ಗೆರೆ ನೀರಿನದು, ಎರಡು ಪ್ರೋಟಾನ್ ಒಂದೇ ಥರ. ಪಕ್ಕದಲ್ಲೇ, 2.81ರಲ್ಲಿ, ಒಂದೇ ಎತ್ತರದ ಮೂರು ಪುಟ್ಟ ಗೆರೆ ಸಿಗಬಹುದು. ಅದೂ ನೀರೇ, ಆದರೆ ಒಂದು ಪ್ರೋಟಾನ್ ಜಾಗದಲ್ಲಿ ಡ್ಯೂಟೀರಿಯಮ್ ಕೂತಿದೆ. ಜೋಡಿ ಬೇರೆಯಾದ ಕೂಡಲೇ ಕಪ್ಲಿಂಗ್ ಹೊರಬಿತ್ತು ನೋಡಿ.

ಈಗ 2.05ಕ್ಕೆ ಬನ್ನಿ. ಅಸಿಟೋನ್‌ನಲ್ಲಿ ಅಲ್ಲೊಂದು ಇಲ್ಲೊಂದು ಪ್ರೋಟಾನ್ ಉಳಿದಿರುತ್ತದೆ; ಹಾಗೆ ಒಂದು ಪ್ರೋಟಾನ್, ಎರಡು ಡ್ಯೂಟೀರಿಯಮ್ ಇರುವ ಮೀಥೈಲ್‌ನ ಪೀಕ್ ಇದು. ಐದು ಗೆರೆ, ಎತ್ತರ 1:2:3:2:1. ಆ ತುದಿಯಿಂದ ಈ ತುದಿಗೆ ಅಳೆದು 4ರಿಂದ ಭಾಗಿಸಿ, ಸುಮಾರು 2.2 ಹರ್ಟ್ಜ್ ಬರುತ್ತದೆ. ಪ್ರೋಟಾನ್‌ನ ಗೈರೋಮ್ಯಾಗ್ನೆಟಿಕ್ ರೇಷಿಯೋ (ನ್ಯೂಕ್ಲಿಯಸ್ ಕಾಂತಕ್ಷೇತ್ರಕ್ಕೆ ಸ್ಪಂದಿಸುವ ಪ್ರಮಾಣ) ಡ್ಯೂಟೀರಿಯಮ್‌ಗಿಂತ 6.51 ಪಟ್ಟು ಜಾಸ್ತಿ. ಕಪ್ಲಿಂಗ್ ಈ ರೇಷಿಯೋದ ಅನುಪಾತದಲ್ಲೇ ಇರುತ್ತದೆ, ಹಾಗಾಗಿ 6.51ರಿಂದ ಗುಣಿಸಿದರೆ 14ರ ಮೇಲೆ ಸ್ವಲ್ಪ. ಮಾಮೂಲಿ ಅಸಿಟೋನ್‌ನ ಮೀಥೈಲ್‌ನಲ್ಲಿ ಪ್ರೋಟಾನ್‌ಗಳ ನಡುವೆ ಇರುವ ಕಪ್ಲಿಂಗ್ ಇಷ್ಟು. ಅದರ ಚಿಹ್ನೆ ಮೈನಸ್, ಈ ಸ್ಪೆಕ್ಟ್ರಮ್ ನೋಡಿ ಅದು ಗೊತ್ತಾಗುವುದಿಲ್ಲ.

ಹಾಗಾದರೆ ಒಂದೇ ಗೆರೆ ಏಕೆ? ಎರಡು ಸಮಾನ ಸ್ಪಿನ್‌ಗಳಿಗೆ ನಾಲ್ಕು ಎನರ್ಜಿ ಲೆವೆಲ್. ಗೆರೆ ಎಂದರೆ ಇವುಗಳ ನಡುವಿನ ಜಿಗಿತ, ಒಂದೇ ಅಂತರದ ಜಿಗಿತಗಳಿಗೆ ಒಂದೇ ಗೆರೆ. ಅದರಲ್ಲಿ ಮೂರು ಒಂದು ಗುಂಪು, ಟ್ರಿಪ್ಲೆಟ್. ಕಪ್ಲಿಂಗ್ ಈ ಮೂರನ್ನೂ ಒಂದೇ ಅಳತೆ, ಅಂದರೆ ಜೆ (ಕಪ್ಲಿಂಗ್‌ನ ಹರ್ಟ್ಜ್ ಪ್ರಮಾಣ) ಬೈ 4, ಸರಿಸುತ್ತದೆ. ಏಣಿಯನ್ನು ಕಟ್ಟೆಯ ಮೇಲಿಟ್ಟ ಹಾಗೆ: ಏಣಿ ಮೇಲೇರಿತು, ಮೆಟ್ಟಿಲುಗಳ ಅಂತರ ಅಷ್ಟೇ ಇದೆ. ನಾಲ್ಕನೆಯದು, ಸಿಂಗ್ಲೆಟ್, ಉಲ್ಟಾ ದಿಕ್ಕಿನಲ್ಲಿ ಜೆಯ ಮುಕ್ಕಾಲು ಪಾಲು ಸರಿಯುತ್ತದೆ. ಆದರೆ ಏಣಿಯಿಂದ ಅಲ್ಲಿಗೆ ಜಿಗಿಯಲು ಪರವಾನಗಿ ಇಲ್ಲ.

ಇಷ್ಟು ಕೇಳಿ ಅವಳು ಆರ್ಥೋ ಡೈಕ್ಲೋರೋಬೆಂಜೀನ್ (ಬೆಂಜೀನ್ ಉಂಗುರದಲ್ಲಿ ಅಕ್ಕಪಕ್ಕ ಎರಡು ಕ್ಲೋರಿನ್, ಉಳಿದ ನಾಲ್ಕು ಪ್ರೋಟಾನ್ ಎರಡು ಜೋಡಿ) ಟ್ಯೂಬ್ ತಂದಳು, ಎರಡೇ ಗೆರೆ ಬರುತ್ತವೆ ಎಂದು. ಬಂದದ್ದು ಗೆರೆಗಳ ಪೊದೆ. ಅಲ್ಲಿ ಜೋಡಿ ಪ್ರೋಟಾನ್‌ಗಳ ಶಿಫ್ಟ್ ಒಂದೇ, ನಿಜ. ಆದರೆ ಮೂಲೆಯ ಒಂದು ಪ್ರೋಟಾನ್‌ಗೆ ಇನ್ನೊಂದು ಜೋಡಿಯ ಒಬ್ಬ ಹತ್ತಿರ, ಇನ್ನೊಬ್ಬ ದೂರ. ಅದರ ಜೋಡಿಗೆ ಇದೇ ಲೆಕ್ಕ ತಿರುಗುಮುರುಗು. ಹಾಗಾಗಿ ಅಲ್ಲಿ ಜೋಡಿಯೊಳಗಿನ ಕಪ್ಲಿಂಗ್ ಕೂಡ ಸ್ಪೆಕ್ಟ್ರಮ್‌ನಲ್ಲಿ ತಲೆ ಹಾಕುತ್ತದೆ.