ಸಿ ಪ್ರೋಗ್ರಾಮಿನಲ್ಲಿ ಕನ್ನಡ ಮುದ್ರಿಸುವ ಮೊದಲು ಒಂದು ಸಾಲು
ಮಂಗಳೂರು, ಉಡುಪಿಯ ಕಾಲೇಜು ಲ್ಯಾಬುಗಳಲ್ಲಿ ಲಿನಕ್ಸ್ ಬಳಸುವವರಿಗೆ: ವೈಡ್ ಕ್ಯಾರೆಕ್ಟರ್ ಸ್ಟ್ರಿಂಗಿನಲ್ಲಿರುವ (ಪ್ರತಿ ಯೂನಿಕೋಡ್ ಸಂಕೇತವನ್ನೂ ಒಂದೊಂದು ಸಂಖ್ಯೆಯಾಗಿ ಇಡುವ ಸ್ಟ್ರಿಂಗ್) ಕನ್ನಡ ಪದವನ್ನು ಪ್ರಿಂಟ್‌ಎಫ್‌ನ ‘%ಎಲ್‌ಎಸ್’ ಮೂಲಕ ಮುದ್ರಿಸುವುದಾದರೆ, ಮೇನ್ ಫಂಕ್ಷನ್ನಿನ ಆರಂಭದಲ್ಲೇ ಸೆಟ್‌ಲೊಕೇಲನ್ನು ಎಲ್‌ಸಿ_ಆಲ್ ಮತ್ತು ಖಾಲಿ ಸ್ಟ್ರಿಂಗ್ (ಅಂದರೆ ಯಂತ್ರದ ಲೊಕೇಲನ್ನೇ, ಭಾಷೆ-ಅಕ್ಷರಗಳ ಹೊಂದಿಕೆಯನ್ನೇ, ಬಳಸು ಎಂದು) ಕೊಟ್ಟು ಕರೆಯಿರಿ. ಪ್ರತಿ ಪ್ರೋಗ್ರಾಮೂ ‘ಸಿ’ ಲೊಕೇಲಿನಲ್ಲಿಯೇ ಆರಂಭವಾಗುವುದರಿಂದ, ಈ ಕರೆಯಿಲ್ಲದಿದ್ದರೆ ಅಕ್ಷರಗಳನ್ನು ಯುಟಿಎಫ್-8 ಬೈಟುಗಳಾಗಿ ಪರಿವರ್ತಿಸಲಾಗದೆ ಪ್ರಿಂಟ್‌ಎಫ್ ದೋಷದ ಗುರುತಾಗಿ -1 ಹಿಂತಿರುಗಿಸುತ್ತದೆ. ಆ ಮೌಲ್ಯವನ್ನು ಯಾರೂ ನೋಡುವುದಿಲ್ಲವೆಂಬುದು ಬೇರೆ ಮಾತು. ‘ಉಡುಪಿ’ ಎಂಬುದು 5 ಯೂನಿಕೋಡ್ ಸಂಕೇತಗಳು (ಉ, ಡ, ು, ಪ, ಿ), ಆದರೆ 15 ಬೈಟುಗಳು. ಇಲ್ಲಿ ಪ್ರಿಸಿಷನ್ (ಚುಕ್ಕಿಯ ನಂತರದ ಸಂಖ್ಯೆ) ಎಣಿಸುವುದು ಬೈಟುಗಳನ್ನು, ಆದ್ದರಿಂದ ‘%.10ಎಲ್‌ಎಸ್’ ಎಂದು ಬರೆದರೆ ‘ಉಡು’ ಮಾತ್ರ ಬರುತ್ತದೆ. ಯಂತ್ರದ ಲೊಕೇಲೇ ಯುಟಿಎಫ್-8 ಅಲ್ಲದಿದ್ದರೆ ಈ ಉಪಾಯ ಫಲಿಸದು. ಒಂದೇ ಸ್ಟ್ರೀಮಿನಲ್ಲಿ (ಔಟ್‌ಪುಟ್ ಹರಿವಿನಲ್ಲಿ) ಪ್ರಿಂಟ್‌ಎಫ್ ಮತ್ತು ಅದರ ವೈಡ್ ರೂಪವಾದ ಡಬ್ಲ್ಯುಪ್ರಿಂಟ್‌ಎಫ್‌ಗಳನ್ನು ಬೆರೆಸಿದರೂ ಅಷ್ಟೇ, ಮೊದಲು ಬಳಸಿದ ಬಗೆಯೇ ಆ ಸ್ಟ್ರೀಮಿಗೆ ಕಾಯಂ ಆಗುತ್ತದೆ.